ಸಭಿಕರನ್ನು ಕರೆಯುವುದು, ಉಳಿಸಿಕೊಳ್ಳುವುದು

ಮಂಗಳೂರಿನ ಹೊರವಲಯದ ಒಂದು ಕೊಯ್ಲಾದ ಗದ್ದೆಯಲ್ಲಿ ಯಕ್ಷಗಾನದ ಮೇಳವು ಬೀಡುಬಿಟ್ಟಿದೆಯೆಂದು ಭಾವಿಸೋಣ. ಹೊತ್ತು ಮುಳುಗಿದೆ. ರಂಗಸ್ಥಳದಲ್ಲಿ ಇನ್ನೂ ಒಬ್ಬ ವೇಷಧಾರಿಯೂ ಕಾಣಿಸಿಕೊಂಡಿಲ್ಲ. ಆದರೆ ಚೆಂಡೆ, ಮದ್ದಳೆ, ಜಾಗಟೆಗಳ ನಾದವು ಆಗಲೇ ತೆಂಗಿನ ತೋಟಗಳನ್ನು ದಾಟಿ ದೂರದ ಮನೆಗಳ ಜಗಲಿಯನ್ನು ಮುಟ್ಟಿದೆ. ಇದಕ್ಕೆ ಕೇಳಿ ಬಡಿಯುವುದು ಎಂದು ಹೆಸರು. 'ಇಂದು ಇಲ್ಲಿ ಆಟವಿದೆ, ಉಂಡು ಬನ್ನಿರಿ' ಎಂಬುದೇ ಅದರ ಅರ್ಥ. ಜನರು ಒಬ್ಬೊಬ್ಬರಾಗಿ ಬಂದು ಕೂಡುವ ತನಕ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಮೊದಲಾದ ಪೂರ್ವರಂಗದ ವೇಷಗಳು ಕುಣಿಯುತ್ತವೆ. ಸಭೆ ತುಂಬಿದ ಮೇಲೆಯೇ ಪ್ರಸಂಗದ ಮುಖ್ಯ ಕಥೆಗೆ ಆರಂಭ. ಹೀಗೆ ಕೂಡಿದ ಜನ ಹಿಂದೆ ಬೆಳಗಿನ ಜಾವದವರೆಗೂ ಏಳುತ್ತಿರಲಿಲ್ಲ.

ಸಭೆಯನ್ನು ಕರೆಯುವುದು ಒಂದು ಕೆಲಸ, ಬಂದ ಸಭೆಯನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಈ ಎರಡನ್ನೂ ನಮ್ಮ ಕರಾವಳಿಯ ಮೇಳಗಳು ಬಹುಕಾಲದಿಂದ ಬಲ್ಲವು. ಇಂದು ಇವೇ ಎರಡು ಕೆಲಸಗಳು ಹೊಸದೊಂದು ವೇಷದಲ್ಲಿ ವ್ಯಾಪಾರಿಗಳ ಮುಂದೆಯೂ ಶಿಕ್ಷಕರ ಮುಂದೆಯೂ ಬಂದು ನಿಂತಿವೆ. ಆ ವೇಷದ ಹೆಸರು ವೆಬಿನಾರ್. ಕನ್ನಡದಲ್ಲಿ ಇದನ್ನು ಜಾಲಗೋಷ್ಠಿ ಎಂದು ಕರೆಯುವುದು ರೂಢಿಗೆ ಬಂದಿದೆ. ಇದರ ಹಿಂದೆ ಇರುವ ಶಬ್ದಶಾಸ್ತ್ರ, ಮನಶ್ಶಾಸ್ತ್ರ ಮತ್ತು ಗಣಿತದ ತತ್ತ್ವಗಳನ್ನು ಈ ಪಾಠದಲ್ಲಿ ಪರಿಶೀಲಿಸೋಣ.

ನಮ್ಮದೇ ಒಂದು ಸೋಲು

ಮೊದಲು ನಮ್ಮ ಸೋಲನ್ನು ಒಪ್ಪಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ನಾವು ಸಣ್ಣ ವ್ಯಾಪಾರಿಗಳಿಗಾಗಿ ಲೆಕ್ಕಪತ್ರವಿಡುವ ಕ್ರಮದ ಬಗ್ಗೆ ಒಂದು ಜಾಲಗೋಷ್ಠಿಯನ್ನು ಏರ್ಪಡಿಸಿದ್ದೆವು. ಸುಂದರವಾದ ಆಹ್ವಾನಪತ್ರವನ್ನು ಸಿದ್ಧಪಡಿಸಿ, ಪರಿಚಯವಿದ್ದವರಿಗೂ ಇಲ್ಲದವರಿಗೂ ಕಳುಹಿಸಿದೆವು. ಬಹಳ ಮಂದಿ ಹೆಸರು ಕೊಟ್ಟರು. ನಾವು ಹಿಗ್ಗಿದೆವು. ಗೊತ್ತಾದ ದಿನ ಹೆಸರು ಕೊಟ್ಟವರಲ್ಲಿ ಹೆಚ್ಚಿನವರು ಬರಲಿಲ್ಲ. ಬಂದವರಾದರೂ ಸ್ವಾಗತ, ಪ್ರಸ್ತಾವನೆ, ಅತಿಥಿಗಳ ಪರಿಚಯ ಇವೆಲ್ಲ ಮುಗಿಯುವಷ್ಟರಲ್ಲಿ ಒಬ್ಬೊಬ್ಬರಾಗಿ ಮಾಯವಾದರು. ಕೊನೆಯಲ್ಲಿ ಪ್ರಶ್ನೆಗಳಿಗೆ ಕಾದು ಕುಳಿತಾಗ ಉಳಿದವರು ಬೆರಳೆಣಿಕೆಯ ಮಂದಿ.

ಮರುದಿನ ಹಿರಿಯ ವ್ಯಾಪಾರಿಯೊಬ್ಬರನ್ನು ಕಂಡು ಏಕೆ ಎದ್ದುಹೋದಿರೆಂದು ಕೇಳಿದೆವು. "ಸಂಜೆಯ ಹೊತ್ತು ಅಂಗಡಿಯನ್ನು ಹುಡುಗನ ಕೈಗೆ ಬಿಟ್ಟು ಕುಳಿತಿದ್ದೆ. ಅರ್ಧ ಗಂಟೆ ಕಳೆದರೂ ನನಗೆ ಬೇಕಾದ ಒಂದು ಮಾತೂ ಬರಲಿಲ್ಲ" ಎಂದರು. ಆ ಮಾತು ನಮ್ಮನ್ನು ನಾಚಿಸಿತು. ನಾವು ಅವರಿಂದ ಹಣವನ್ನು ಪಡೆದಿರಲಿಲ್ಲ, ನಿಜ. ಆದರೆ ಅದಕ್ಕಿಂತ ಬೆಲೆಯುಳ್ಳ ಒಂದು ವಸ್ತುವನ್ನು ಪಡೆದು ಹಾಳುಮಾಡಿದ್ದೆವು. ನೂರು ಮಂದಿಯ ಸಭೆಯಲ್ಲಿ ಹತ್ತು ನಿಮಿಷ ವ್ಯರ್ಥವಾದರೆ ಹೋಗುವುದು ಹತ್ತು ನಿಮಿಷವಲ್ಲ, ಸಾವಿರ ನಿಮಿಷ. ಅಂದರೆ 16 ಗಂಟೆ 40 ನಿಮಿಷಗಳ ಮನುಷ್ಯಕಾಲ. ಈ ಸಣ್ಣ ಗುಣಾಕಾರವನ್ನು ಓದುಗರು ಪಾಠದ ಉದ್ದಕ್ಕೂ ನೆನಪಿನಲ್ಲಿಡಬೇಕು.

ಜಾಲಗೋಷ್ಠಿ ಎಂದರೇನು?

ಒಂದೆಡೆ ಕುಳಿತ ಉಪನ್ಯಾಸಕನ ಧ್ವನಿಯನ್ನೂ ಚಿತ್ರವನ್ನೂ ಅಂತರಜಾಲದ ಮೂಲಕ ಏಕಕಾಲದಲ್ಲಿ ಅನೇಕ ಸ್ಥಳಗಳಿಗೆ ಮುಟ್ಟಿಸಿ, ಕೇಳುಗರು ಮರಳಿ ಪ್ರಶ್ನೆ ಕೇಳಲು ಅನುವುಮಾಡಿಕೊಡುವ ಸಭೆಯೇ ಜಾಲಗೋಷ್ಠಿ. ವೆಬಿನಾರ್ ಎಂಬ ಪದವು 1990ರ ದಶಕದ ಕೊನೆಯ ಭಾಗದಲ್ಲಿ ಬಳಕೆಗೆ ಬಂದುದು. ನಮ್ಮ ದೇಶದಲ್ಲಿ ಅದು ಮನೆಮಾತಾದುದು 2020ರಲ್ಲಿ. ಆ ವರ್ಷದ ಮಾರ್ಚ್ 25ರಿಂದ ಕೋವಿಡ್ ಕಾರಣದಿಂದ ದೇಶವೇ ಬಾಗಿಲು ಮುಚ್ಚಿದಾಗ ತರಗತಿಗಳೂ ವ್ಯಾಪಾರದ ಸಭೆಗಳೂ ಈ ದಾರಿಯನ್ನು ಹಿಡಿದವು.

ಆಕಾಶವಾಣಿಗೂ ಇದಕ್ಕೂ ಎರಡು ಭೇದಗಳಿವೆ. ಮೊದಲನೆಯದು, ಇಲ್ಲಿ ಕೇಳುಗನೂ ಮಾತನಾಡಬಲ್ಲನು. ಎರಡನೆಯದು, ಇಲ್ಲಿ ಎದ್ದುಹೋಗುವುದು ಅತಿ ಸುಲಭ. ಬಯಲಾಟದ ನಡುವೆ ಎದ್ದುಹೋಗುವವನು ಹತ್ತು ಜನರನ್ನು ದಾಟಿ, ನೆರೆಯವರ ಕಣ್ಣಿಗೆ ಬಿದ್ದು ಹೋಗಬೇಕು. ಜಾಲಗೋಷ್ಠಿಯಿಂದ ಹೋಗುವವನಿಗೆ ಬೆರಳಿನ ಒಂದು ಒತ್ತು ಸಾಕು. ಲಜ್ಜೆ ದಾಕ್ಷಿಣ್ಯಗಳು ಸಭೆಯನ್ನು ಹಿಡಿದಿಡುವ ಕಾಲ ಇಲ್ಲಿ ಮುಗಿಯಿತು. ಸಭಿಕನನ್ನು ಹಿಡಿದಿಡುವುದು ವಿಷಯದ ಪ್ರಯೋಜನವೊಂದೇ.

ಕರೆಯು ಎಷ್ಟು ದೂರ ಮುಟ್ಟೀತು?

ಚೆಂಡೆಯ ನಾದಕ್ಕೆ ಹಿಂತಿರುಗೋಣ. ಬಯಲಿನಲ್ಲಿ ಹುಟ್ಟಿದ ಶಬ್ದವು ಎಲ್ಲ ದಿಕ್ಕುಗಳಿಗೂ ಹರಡುತ್ತದೆ. ದೂರ ಇಮ್ಮಡಿಯಾದರೆ ಅದೇ ಶಕ್ತಿಯು ನಾಲ್ಮಡಿ ವಿಸ್ತೀರ್ಣದ ಮೇಲೆ ಹಂಚಿಹೋಗುವುದರಿಂದ ಶಬ್ದದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ. ಇದಕ್ಕೆ ವಿಲೋಮ ವರ್ಗ ನಿಯಮವೆಂದು ಹೆಸರು. ಹತ್ತು ಮೀಟರ್ ದೂರದಲ್ಲಿರುವ ತೀವ್ರತೆಗೆ ಹೋಲಿಸಿದರೆ ಒಂದು ಕಿಲೋಮೀಟರ್ ದೂರದಲ್ಲಿ ಅದು ಹತ್ತು ಸಾವಿರದ ಒಂದು ಪಾಲು ಮಾತ್ರ. ಹಾಗಿದ್ದರೂ ಇರುಳಿನಲ್ಲಿ ಚೆಂಡೆ ಬಹುದೂರ ಕೇಳಿಸುತ್ತದೆ. ಇದೇಕೆ? ಹಗಲಿನ ಗದ್ದಲ ಆಗ ಅಡಗಿರುತ್ತದೆ ಎಂಬುದೊಂದು ಕಾರಣ. ನಿರ್ಮಲವಾದ ರಾತ್ರಿಯಲ್ಲಿ ನೆಲ ಬೇಗ ತಣಿಯುವುದರಿಂದ ಕೆಳಗಿನ ಗಾಳಿ ತಂಪಾಗಿಯೂ ಮೇಲಿನದು ಅದಕ್ಕಿಂತ ಬೆಚ್ಚಗೂ ಇರುವುದು ಎರಡನೆಯ ಕಾರಣ. ಬೆಚ್ಚಗಿನ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಆದುದರಿಂದ ಮೇಲಕ್ಕೆ ಹೊರಟ ತರಂಗವು ಬಾಗಿ ಮತ್ತೆ ನೆಲದ ಕಡೆಗೆ ಇಳಿಯುತ್ತದೆ.

ಮೇಳದವರು ಈ ನಿಯಮಗಳನ್ನು ಓದಿದವರಲ್ಲ. ಆದರೆ ಸರಿಯಾದ ಹೊತ್ತಿನಲ್ಲಿ ಕೂಗಿದರೆ ಕರೆ ದೂರ ಮುಟ್ಟುತ್ತದೆ ಎಂಬ ಅನುಭವ ಅವರಿಗಿತ್ತು. ಜೊತೆಗೆ ಇನ್ನೊಂದು ಅನುಕೂಲವೂ ಇತ್ತು. ಚೆಂಡೆ ಕೇಳಿದ ಮನೆಯವರಿಗೆ ಆಟವೆಂದರೇನೆಂದು ಮೊದಲೇ ಗೊತ್ತು. ಅಪರಿಚಿತ ವ್ಯಾಪಾರಿಯ ಜಾಲಗೋಷ್ಠಿಗೆ ಆ ಅನುಕೂಲವಿಲ್ಲ. ಅವನ ಕರೆಯು ದೂರ ಮುಟ್ಟಿದರೆ ಸಾಲದು, ಅದು ಯಾರಿಗೆ, ಏತಕ್ಕೆ ಎಂಬುದು ಮೊದಲ ಸಾಲಿನಲ್ಲೇ ತಿಳಿಯಬೇಕು.

ಇದೇ ಊರಿನ ಇತಿಹಾಸದಿಂದ ಒಂದು ನಿದರ್ಶನ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರತಂದರು. ಪತ್ರಿಕೆ ಎಂದರೇನೆಂಬುದೇ ಗೊತ್ತಿಲ್ಲದಿದ್ದ ಕನ್ನಡ ಓದುಗರ ಕೈಗೆ ಅದು ಪಕ್ಷಕ್ಕೊಮ್ಮೆ ಬಂದಿತು. ಅದರ ಹೆಸರನ್ನು ಗಮನಿಸಿರಿ. ಊರು ಯಾವುದು, ವಸ್ತು ಏನು ಎಂಬೆರಡನ್ನೂ ಎರಡೇ ಮಾತುಗಳು ಹೇಳುತ್ತವೆ. 1844ರಲ್ಲಿ ಪತ್ರಿಕೆಯು ಬಳ್ಳಾರಿಗೆ ಹೋದಾಗ ಹೆಸರೂ 'ಕನ್ನಡ ಸಮಾಚಾರ' ಎಂದು ಬದಲಾಯಿತು. ಓದುಗರ ವಲಯ ಬದಲಾದರೆ ಕರೆಯುವ ಹೆಸರೂ ಬದಲಾಗಬೇಕೆಂಬುದಕ್ಕೆ ಇದಕ್ಕಿಂತ ಸರಳವಾದ ಪಾಠ ಬೇಡ.

ಈಗ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಂಗಳೂರಿನ ಒಬ್ಬ ತರುಣ ಇಂಜಿನಿಯರನು ಅಡಕೆಯನ್ನು ಒಣಗಿಸುವ ಯಂತ್ರವನ್ನು ಮಾಡಿದ್ದಾನೆ. ಅದನ್ನು ಬೆಳೆಗಾರರಿಗೆ ಪರಿಚಯಿಸಲು ಅವನು ಜಾಲಗೋಷ್ಠಿ ನಡೆಸಬೇಕು. 'ನಮ್ಮ ಸಂಸ್ಥೆಯ ನೂತನ ಉತ್ಪನ್ನದ ಪರಿಚಯ' ಎಂದು ತಲೆಬರಹವಿಟ್ಟರೆ ಬೆಳೆಗಾರನಿಗೆ ಅದರಿಂದೇನು? 'ಅಂಗಳದಲ್ಲಿ ಅಡಕೆ ಹರಡಿರುವಾಗ ಮಳೆ ಬಂದರೆ ಏನು ಮಾಡಬೇಕು?' ಎಂದು ಬರೆದರೆ ಪುತ್ತೂರಿನವನೂ ಬಂಟ್ವಾಳದವನೂ ಕಾಸರಗೋಡಿನವನೂ ತಲೆಯೆತ್ತಿ ನೋಡುತ್ತಾನೆ. ಚಾಲಿ ಅಡಕೆಯು ಬಿಸಿಲಿನಲ್ಲಿ ಒಣಗಲು ಒಂದು ತಿಂಗಳಿಗಿಂತ ಹೆಚ್ಚು ಕಾಲ ಬೇಕು. ಅಕಾಲದ ಒಂದು ಮಳೆ ವರ್ಷದ ದುಡಿಮೆಯನ್ನೇ ಕೆಡಿಸಬಲ್ಲದು. ಮೊದಲ ತಲೆಬರಹವು ಮಾರುವವನ ಕಡೆಯಿಂದ ಹೊರಟುದು, ಎರಡನೆಯದು ಕೇಳುವವನ ಅಂಗಳದಿಂದ ಹೊರಟುದು.

ಆಹ್ವಾನವನ್ನು ಎಲ್ಲಿ ಹಂಚಬೇಕೆಂಬುದೂ ಇದರಿಂದಲೇ ನಿರ್ಣಯವಾಗುತ್ತದೆ. ನಗರದ ಎಲ್ಲರಿಗೂ ಸಾರುವುದಕ್ಕಿಂತ ಸಹಕಾರ ಸಂಘದ ಕಟ್ಟೆ, ಗೊಬ್ಬರದ ಅಂಗಡಿ, ಬೆಳೆಗಾರರ ವಾಟ್ಸಾಪ್ ಗುಂಪು ಇವುಗಳಲ್ಲಿ ತಿಳಿಸುವುದು ಫಲಕಾರಿ. ಪರಿಚಿತನೊಬ್ಬನ ಬಾಯಿಂದ ಬಂದ ಕರೆಯು ನೂರು ಭಿತ್ತಿಪತ್ರಗಳಿಗೆ ಸಮ.

ಹೊತ್ತನ್ನು ಆರಿಸುವ ಲೆಕ್ಕ

ಯಕ್ಷಗಾನದ ತಿರುಗಾಟಕ್ಕೆ ಒಂದು ಋತುವಿದೆ. ಮಳೆಗಾಲ ಕಳೆದ ಮೇಲೆ ಹೊರಟ ಮೇಳಗಳು, ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಜನರಿಗೆ ಬಿಡುವಿರುವ, ಮಳೆಯಿಲ್ಲದ ಕಾಲವನ್ನು ನೋಡಿ ಈ ಕ್ರಮ ಬೆಳೆಯಿತು. ಜಾಲಗೋಷ್ಠಿಗೆ ಮಳೆಯ ಭಯ ಇಲ್ಲವೆಂದು ತೋರಬಹುದು. ಆದರೆ ಜೂನ್ ಜುಲೈ ತಿಂಗಳ ಗಾಳಿಮಳೆಯಲ್ಲಿ ಹಳ್ಳಿಗಳ ವಿದ್ಯುತ್ತೂ ದೂರವಾಣಿ ಗೋಪುರಗಳೂ ಕೈಕೊಡುವುದನ್ನು ದಕ್ಷಿಣ ಕನ್ನಡದವರೆಲ್ಲರೂ ಬಲ್ಲರು. ಅಲ್ಲದೆ ಒಣಗಿಸುವ ಯಂತ್ರದ ಮಾತನ್ನು ಕೊಯ್ಲಿಗೆ ಮೊದಲು ಆಡಬೇಕೇ ಹೊರತು ಅಡಕೆ ಕೆಟ್ಟ ಮೇಲೆ ಆಡಿ ಪ್ರಯೋಜನವಿಲ್ಲ.

ಇನ್ನು ಗಂಟೆಯ ಲೆಕ್ಕ. ಕರಾವಳಿಯ ಅನೇಕ ಮನೆಗಳಲ್ಲಿ ತೋಟದ ವ್ಯವಹಾರಕ್ಕೆ ಹಣ ತೊಡಗಿಸುವ ಮಗನು ದುಬಾಯಿಯಲ್ಲೋ ಕುವೈತಿನಲ್ಲೋ ಇರುತ್ತಾನೆ. ಭೂಮಿಯು 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುವುದರಿಂದ ಪ್ರತಿ 15 ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆಯ ಅಂತರ. ನಮ್ಮ ದೇಶದ ಕಾಲವು 82½ ಡಿಗ್ರಿ ಪೂರ್ವ ರೇಖಾಂಶದ್ದು. ದುಬಾಯಿ ಮತ್ತು ಒಮಾನಿನ ಕಾಲ 60 ಡಿಗ್ರಿಯದು. ವ್ಯತ್ಯಾಸ 22½ ಡಿಗ್ರಿ, ಅಂದರೆ ಒಂದೂವರೆ ಗಂಟೆ. ಕುವೈತ್, ಬಹರೈನ್, ಕತಾರ್, ಸೌದಿ ಅರೇಬಿಯಗಳ ಕಾಲ 45 ಡಿಗ್ರಿಯದು. ಅವು ನಮಗಿಂತ ಎರಡೂವರೆ ಗಂಟೆ ಹಿಂದೆ. ಮಂಗಳೂರಿನಲ್ಲಿ ರವಿವಾರ ಸಂಜೆ 7 ಗಂಟೆಯಾದಾಗ ದುಬಾಯಿಯಲ್ಲಿ 5.30, ಕುವೈತಿನಲ್ಲಿ 4.30. ಸಂಯುಕ್ತ ಅರಬ್ ಎಮಿರೇಟ್ಸ್ 2022ರ ಜನವರಿಯಿಂದ ವಾರದ ರಜೆಯನ್ನು ಶನಿವಾರ ರವಿವಾರಗಳಿಗೆ ಮಾರ್ಪಡಿಸಿತು. ಆದುದರಿಂದ ದುಬಾಯಿಯವನಿಗೆ ಅದು ಬಿಡುವಿನ ಹೊತ್ತು. ಕುವೈತಿನಲ್ಲಾದರೋ ರಜೆ ಶುಕ್ರವಾರ ಶನಿವಾರ, ಅಲ್ಲಿಯವನಿಗೆ ರವಿವಾರ ದುಡಿಮೆಯ ದಿನ. ಶನಿವಾರ ರಾತ್ರಿ 8 ಗಂಟೆಯನ್ನು ಆರಿಸಿದರೆ ದುಬಾಯಿಯಲ್ಲಿ 6.30, ಕುವೈತಿನಲ್ಲಿ 5.30. ಎರಡೂ ಕಡೆ ರಜೆ, ಇಲ್ಲಿ ಅಂಗಡಿ ಮುಚ್ಚುವ ಹೊತ್ತು. ಸಂಘಟಕನ ಅನುಕೂಲವನ್ನಲ್ಲ, ಸಭಿಕನ ಗಡಿಯಾರವನ್ನು ನೋಡಿ ಹೊತ್ತನ್ನು ಗೊತ್ತುಮಾಡಬೇಕು.

ಮರೆವೆಯ ರೇಖೆ

ಹೆಸರು ಕೊಟ್ಟವರು ಬರದಿರಲು ಮುಖ್ಯ ಕಾರಣ ದುರುದ್ದೇಶವಲ್ಲ, ಮರೆವೆ. ಮರೆವೆಯನ್ನು ಮೊತ್ತಮೊದಲು ಅಳೆದು ನೋಡಿದವನು ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಬೇರೆ ಬೇರೆ ಅಂತರಗಳ ಬಳಿಕ ಮತ್ತೆ ಕಲಿಯಲು ಎಷ್ಟು ಶ್ರಮ ಉಳಿತಾಯವಾಗುತ್ತದೆಂದು ಅವನು ಲೆಕ್ಕವಿಟ್ಟನು. ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದನು. ಸುಮಾರು 20 ನಿಮಿಷಗಳ ಬಳಿಕ ಉಳಿತಾಯ ನೂರಕ್ಕೆ 58, ಒಂದು ಗಂಟೆಯ ಬಳಿಕ 44, ಒಂದು ದಿನದ ಬಳಿಕ 34, ಒಂದು ತಿಂಗಳ ಬಳಿಕ 21. ಮರೆವೆಯು ಮೊದಲಲ್ಲಿ ಓಡುತ್ತದೆ, ಆಮೇಲೆ ನಡೆಯುತ್ತದೆ. ಅರ್ಥವಿರುವ ವಿಷಯ ಇಷ್ಟು ಬೇಗ ಅಳಿಸಿಹೋಗದು. ಆದರೂ ರೇಖೆಯ ಆಕಾರ ಇಂಥದೇ. ಹೀಗಿರುವಲ್ಲಿ ಹದಿನೈದು ದಿನ ಮೊದಲು ಒಂದೇ ಒಂದು ಆಹ್ವಾನ ಕಳುಹಿಸಿ ಸುಮ್ಮನಿರುವುದು ಅವಿವೇಕ. ಒಂದು ವಾರ ಮೊದಲು, ಮುನ್ನಾದಿನ, ಒಂದು ಗಂಟೆ ಮೊದಲು, ಹೀಗೆ ಮೂರು ಬಾರಿ ಚಿಕ್ಕದಾಗಿ ನೆನಪಿಸುವುದು ಯುಕ್ತ.

ಆದರೆ ನೆನಪಿಸುವುದಕ್ಕೂ ಪೀಡಿಸುವುದಕ್ಕೂ ಭೇದವಿದೆ. ಈ ಭೇದವನ್ನು ನಮ್ಮ ಜಿಲ್ಲೆಗಳ ಬ್ಯಾಂಕುಗಳ ಚರಿತ್ರೆಯಿಂದ ಕಲಿಯಬಹುದು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದನು. ಜನರು ಅವನನ್ನು ಏಕೆ ಓಡಿಸಲಿಲ್ಲ? ಅವನು ಗೊತ್ತಾದ ಹೊತ್ತಿಗೆ ಬರುತ್ತಿದ್ದನು, ಒಂದು ನಿಮಿಷದಲ್ಲಿ ಕೆಲಸ ಮುಗಿಸುತ್ತಿದ್ದನು, ಮತ್ತು ಅವನ ಬರವಿನಿಂದ ಬೆಳೆಯುತ್ತಿದ್ದುದು ಮನೆಯವರದೇ ಉಳಿತಾಯ. ನಮ್ಮ ನೆನಪೋಲೆಯೂ ಹಾಗಿರಬೇಕು. ಪ್ರತಿಯೊಂದರಲ್ಲಿಯೂ ಓದುವವನಿಗೆ ಉಪಯುಕ್ತವಾದ ಒಂದು ಕಾಸಿನಷ್ಟಾದರೂ ವಿಷಯವಿರಲಿ. 'ಅಡಕೆ ಒಣಗಿದೆಯೆಂದು ತಿಳಿಯುವ ಬಗೆ ಹೇಗೆ?' ಎಂಬ ಮೂರು ಸಾಲಿನ ಉತ್ತರವನ್ನೇ ನೆನಪೋಲೆಯಲ್ಲಿ ಕೊಟ್ಟರೆ ಅದು ಪೀಡೆಯೆನಿಸದು.

ಗುಣಾಕಾರದ ನ್ಯಾಯ

ಸಭೆಯ ಗಾತ್ರವು ಹೇಗೆ ನಿರ್ಣಯವಾಗುತ್ತದೆ? ಲೆಕ್ಕಕ್ಕಾಗಿ ಕೆಲವು ಅಂಕೆಗಳನ್ನು ಕಲ್ಪಿಸಿಕೊಳ್ಳೋಣ. ಆಹ್ವಾನ ಮುಟ್ಟಿದವರು 1,000. ಅವರಲ್ಲಿ ಐದನೆಯ ಒಂದು ಪಾಲು ಹೆಸರು ಕೊಡುತ್ತಾರೆ, 200. ಅವರಲ್ಲಿ ಅರ್ಧ ಬರುತ್ತಾರೆ, 100. ಬಂದವರಲ್ಲಿ ಐದರಲ್ಲಿ ಮೂರು ಪಾಲು ಕೊನೆಯ ತನಕ ಉಳಿಯುತ್ತಾರೆ, 60. ಅಂದರೆ,

1,000 × 1/5 × 1/2 × 3/5 = 60.

ಇದನ್ನು 120 ಮಾಡಬೇಕಾದರೆ ಆತುರದ ಸಂಘಟಕನು 2,000 ಮಂದಿಗೆ ಆಹ್ವಾನ ಕಳುಹಿಸಲು ಹೊರಡುತ್ತಾನೆ. ಆದರೆ ಹೊಸದಾಗಿ ಸೇರಿಸಿದ ಸಾವಿರ ಮಂದಿಗೆ ವಿಷಯದಲ್ಲಿ ಮೊದಲಿನವರಷ್ಟು ಆಸಕ್ತಿ ಇರಲಾರದು, ಐದನೆಯ ಪಾಲು ಎಂಬುದೇ ಕುಗ್ಗೀತು. ಇದರ ಬದಲು ಸರಿಯಾಗಿ ನೆನಪಿಸಿ, ಬರುವವರನ್ನು ಅರ್ಧದಿಂದ ಮುಕ್ಕಾಲಿಗೆ ಏರಿಸಿದನೆನ್ನಿ. ಚೆನ್ನಾಗಿ ನಡೆಸಿ, ಉಳಿಯುವವರನ್ನು ಐದರಲ್ಲಿ ಮೂರರಿಂದ ನಾಲ್ಕಕ್ಕೆ ಏರಿಸಿದನೆನ್ನಿ. ಆಗ,

1,000 × 1/5 × 3/4 × 4/5 = 120.

ಒಂದು ಆಹ್ವಾನವನ್ನೂ ಹೆಚ್ಚಿಸದೆ ಸಭೆ ಇಮ್ಮಡಿಯಾಯಿತು. ಗುಣಾಕಾರದಲ್ಲಿ ಪ್ರತಿಯೊಂದು ಅಂಶವೂ ಸಮಾನ ಪ್ರಭು. ಯಾವುದಾದರೊಂದು ಸೊನ್ನೆಯಾದರೆ ಉಳಿದವು ಎಷ್ಟು ದೊಡ್ಡದಾಗಿದ್ದರೂ ಫಲ ಸೊನ್ನೆ. ನಮ್ಮ ಸೋಲಿನ ಗುಟ್ಟು ಇಲ್ಲಿತ್ತು. ನಾವು ಮೊದಲ ಅಂಕೆಯನ್ನು ಮಾತ್ರ ನೋಡಿ ಹಿಗ್ಗಿದ್ದೆವು.

ಗಮನವು ಎಷ್ಟು ಹೊತ್ತು ನಿಲ್ಲುತ್ತದೆ?

ಎರಡನೆಯ ಮಹಾಯುದ್ಧದ ಕಾಲದಲ್ಲಿ ರಡಾರ್ ಯಂತ್ರದ ಮುಂದೆ ಕುಳಿತ ಬ್ರಿಟಿಷ್ ಕಾವಲುಗಾರರು ಹೊತ್ತು ಕಳೆದಂತೆ ಶತ್ರುವಿನ ಗುರುತನ್ನು ಕಾಣದೆ ಹೋಗುತ್ತಿದ್ದರು. ಕಾರಣವನ್ನು ಹುಡುಕಲು ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿಯು ಗಡಿಯಾರದಂಥ ಒಂದು ಸಾಧನವನ್ನು ಮಾಡಿದನು. ಅದರ ಮುಳ್ಳು ಸೆಕೆಂಡಿಗೊಂದು ಹೆಜ್ಜೆ ಇಡುತ್ತಿತ್ತು, ಎಂದಾದರೊಮ್ಮೆ ಮಾತ್ರ ಎರಡು ಹೆಜ್ಜೆ ಜಿಗಿಯುತ್ತಿತ್ತು. ಆ ಜಿಗಿತವನ್ನು ಗುರುತಿಸುವುದೇ ಕೆಲಸ. 1948ರಲ್ಲಿ ಪ್ರಕಟವಾದ ಅವನ ಫಲಿತಾಂಶದಂತೆ ಮೊದಲ ಅರ್ಧ ಗಂಟೆ ಕಳೆಯುತ್ತಲೇ ಗುರುತಿಸುವ ಶಕ್ತಿ ಸ್ಪಷ್ಟವಾಗಿ ಇಳಿಯಿತು. ನಡುವೆ ವಿರಾಮ ಕೊಟ್ಟಾಗ, ಅಥವಾ ಸರಿ ತಪ್ಪುಗಳನ್ನು ಆಗಾಗ ತಿಳಿಸಿದಾಗ, ಈ ಇಳಿತ ತಡೆಯಲ್ಪಟ್ಟಿತು.

ಮನುಷ್ಯನ ಗಮನವು ಇಷ್ಟೇ ನಿಮಿಷವೆಂದು ಕೆಲವರು ಒಂದು ಅಂಕೆಯನ್ನು ಹೇಳಿಬಿಡುವುದುಂಟು. ಅಂಥ ಒಂದೇ ಅಂಕೆ ಇಲ್ಲ. ಬೇಸರದ ಕೆಲಸದಲ್ಲಿ ಗಮನ ಬೇಗ ಸೋರುತ್ತದೆ, ಪ್ರಿಯವಾದ ಆಟದಲ್ಲಿ ಇರುಳೆಲ್ಲ ನಿಲ್ಲುತ್ತದೆ. ಆದರೆ ಏಕರೀತಿಯ ಪ್ರವಾಹದಲ್ಲಿ ಅದು ಇಳಿಯುತ್ತದೆ, ವಿರಾಮ ಮತ್ತು ಮರುನುಡಿಗಳಿಂದ ಮೇಲೇಳುತ್ತದೆ ಎಂಬುದು ದಿಟ. ಇರುಳಿಡೀ ನಡೆಯುವ ಆಟದಲ್ಲಿ ಭಾಗವತನು ರಾಗತಾಳಗಳನ್ನು ಬದಲಿಸುತ್ತಾನೆ, ರೌದ್ರದ ಬಳಿಕ ಹಾಸ್ಯಗಾರ ಬರುತ್ತಾನೆ. ಇತ್ತೀಚಿನ ವರ್ಷಗಳಲ್ಲಿ ಜನರ ಬಿಡುವು ಕುಗ್ಗಿದಾಗ ಮೇಳಗಳೇ ಕಾಲಮಿತಿಯ ಪ್ರಯೋಗಗಳಿಗೆ ಒಪ್ಪಿಕೊಂಡವು. ಸಭಿಕನ ಹೊತ್ತಿಗೆ ಕಲೆಯೇ ತಲೆಬಾಗಿರುವಾಗ ವ್ಯಾಪಾರದ ಭಾಷಣವು ಬಾಗದಿದ್ದರೆ ಹೇಗೆ?

ಇನ್ನೊಂದು ಪ್ರಯೋಗವನ್ನೂ ನೋಡೋಣ. 1953ರಲ್ಲಿ ಕಾಲಿನ್ ಚೆರಿ ಎಂಬವನು ಕೇಳುಗರ ಎರಡು ಕಿವಿಗಳಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಮಾತ್ರ ಗಮನಿಸಲು ಹೇಳಿದನು. ಇನ್ನೊಂದು ಕಿವಿಯಲ್ಲಿ ಏನು ಹೇಳಲಾಯಿತೆಂದು ಅವರಿಗೆ ಬಹುಮಟ್ಟಿಗೆ ತಿಳಿಯಲೇ ಇಲ್ಲ. ಗಂಡಸಿನ ಧ್ವನಿ ಹೆಂಗಸಿನದಾಗಿ ಮಾರ್ಪಟ್ಟುದು ಮಾತ್ರ ತಿಳಿಯಿತು. 1959ರಲ್ಲಿ ನೆವಿಲ್ ಮೋರೇ ಎಂಬವನು ಆ ಅಲಕ್ಷಿತ ಕಿವಿಯಲ್ಲಿ ಕೇಳುಗನ ಹೆಸರನ್ನೇ ನುಡಿಸಿದಾಗ ಸುಮಾರು ಮೂವರಲ್ಲೊಬ್ಬರು ಅದನ್ನು ಗುರುತಿಸಿದರು. ಜಾಲಗೋಷ್ಠಿಯ ಕೇಳುಗನು ಸದಾ ಇಂಥ ಸ್ಥಿತಿಯಲ್ಲಿರುತ್ತಾನೆ. ಒಂದು ಕಿವಿಗೆ ಉಪನ್ಯಾಸ, ಇನ್ನೊಂದಕ್ಕೆ ಮನೆಯ ಮಾತು. ಧ್ವನಿ ಬದಲಾದಾಗ ಮತ್ತು ತನ್ನದೆಂಬ ಮಾತು ಬಂದಾಗ ಅವನ ಗಮನ ಮರಳಬಹುದು.

ಇದರಿಂದ ಆಚರಣೆಗೆ ದೊರೆಯುವ ನಿಯಮಗಳು ನಾಲ್ಕು. ಮೊದಲ ಐದು ನಿಮಿಷಗಳಲ್ಲೇ ತಲೆಬರಹದಲ್ಲಿ ಕೇಳಿದ ಪ್ರಶ್ನೆಗೆ ಒಂದಿಷ್ಟು ಉತ್ತರ ಕೊಡಬೇಕು, ಅತಿಥಿಗಳ ಪರಿಚಯವನ್ನು ಆಹ್ವಾನಪತ್ರದಲ್ಲೇ ಮುಗಿಸಬೇಕು. ಒಬ್ಬನೇ ಮಾತನಾಡುವ ಬದಲು ಇಬ್ಬರು ಸಂವಾದಿಸಬೇಕು. ಹತ್ತು ಹದಿನೈದು ನಿಮಿಷಗಳಿಗೊಮ್ಮೆ ಸಭಿಕರಿಗೆ ಒಂದು ಪ್ರಶ್ನೆ ಹಾಕಿ, ಬಂದ ಉತ್ತರಗಳನ್ನು ಹೇಳಬೇಕು. ಪ್ರಶ್ನೆ ಕೇಳಿದವನನ್ನು ಹೆಸರು ಹಿಡಿದು, ಅವನ ಊರಿನ ಹೆಸರಿನೊಡನೆ ಕರೆದು ಉತ್ತರಿಸಬೇಕು.

ಇವುಗಳಲ್ಲಿ ಎರಡನೆಯ ನಿಯಮಕ್ಕೆ ತಾಳಮದ್ದಳೆಯೇ ಆದರ್ಶ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಮಾತಿನಲ್ಲೇ ವಾದಿಸುತ್ತಾರೆ. ಮಳೆಗಾಲದ ಇರುಳಿನಲ್ಲಿ ಆ ಮಾತನ್ನು ಜನರು ಗಂಟೆಗಟ್ಟಲೆ ಕೇಳುತ್ತಾರೆ. ಒಬ್ಬನ ಪ್ರಶ್ನೆಗೆ ಇನ್ನೊಬ್ಬನು ಏನೆಂದಾನು ಎಂಬ ಕುತೂಹಲವೇ ಸಭೆಯನ್ನು ಹಿಡಿದಿಡುವ ಹಗ್ಗ.

ಚಿತ್ರ ಹೋದರೂ ಧ್ವನಿ ಉಳಿಯಲಿ

ಎರಡು ಕಿಲೋಮೀಟರ್ ಆಚೆಯ ಮನೆಗೆ ಚೆಂಡೆಯ ಪೆಟ್ಟು ತಲುಪಲು ಸುಮಾರು ಆರು ಸೆಕೆಂಡು ಬೇಕು, ಏಕೆಂದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಗಾಜಿನ ತಂತುವಿನಲ್ಲಿ ಬೆಳಕಿನ ವೇಗವಾದರೋ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಮಂಗಳೂರಿನಿಂದ ದುಬಾಯಿಗೆ ನೇರದೂರ ಸುಮಾರು 2,450 ಕಿಲೋಮೀಟರ್. ನೇರ ತಂತುವಿದ್ದರೆ ಸಂಕೇತವು ಸೆಕೆಂಡಿನ ಸಾವಿರದಲ್ಲಿ ಹನ್ನೆರಡು ಭಾಗದಷ್ಟು ಹೊತ್ತಿನಲ್ಲಿ ತಲುಪೀತು. ವಾಸ್ತವದಲ್ಲಿ ದಾರಿ ಸುತ್ತುಬಳಸಿನದು, ಸಂಕೇತವನ್ನು ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಹೊತ್ತು ಬೇಕು. ಸಹಜ ಸಂಭಾಷಣೆಗೆ ಒಂದು ದಿಕ್ಕಿನ ವಿಳಂಬವು ಸೆಕೆಂಡಿನ ಸಾವಿರದಲ್ಲಿ 150 ಭಾಗವನ್ನು ಮೀರದಿರುವುದು ಲೇಸೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಸಲಹೆ ಮಾಡಿದೆ. ಅದನ್ನು ಬಹಳವಾಗಿ ಮೀರಿದರೆ ಇಬ್ಬರೂ ಒಟ್ಟಿಗೆ ಮಾತನಾಡಿ, ಒಟ್ಟಿಗೆ ಸುಮ್ಮನಾಗುವ ಗೊಂದಲ ಏಳುತ್ತದೆ.

ವಿಳಂಬಕ್ಕಿಂತ ಹೆಚ್ಚಾಗಿ ಕಾಡುವುದು ದಾರಿಯ ಇಕ್ಕಟ್ಟು. ಸ್ಪಷ್ಟವಾದ ಮಾತಿಗೆ ಇಂದಿನ ಸಂಕೇತಕ್ರಮಗಳಲ್ಲಿ ಸೆಕೆಂಡಿಗೆ ಸುಮಾರು 30 ಕಿಲೋಬಿಟ್ ಸಾಕು. ಒಳ್ಳೆಯ ಚಿತ್ರಕ್ಕೆ 1,000 ಕಿಲೋಬಿಟ್ ಬೇಕೆಂದಿಟ್ಟುಕೊಳ್ಳೋಣ. ಒಂದು ಗಂಟೆಗೆ ಮಾತು ಬಳಸುವುದು 30 × 3,600 = 1,08,000 ಕಿಲೋಬಿಟ್. ಎಂಟು ಬಿಟ್ಟುಗಳಿಗೆ ಒಂದು ಬೈಟಿನಂತೆ ಇದು 13½ ಮೆಗಾಬೈಟ್. ಚಿತ್ರ ಬಳಸುವುದು 450 ಮೆಗಾಬೈಟ್, ಅಂದರೆ 33 ಪಟ್ಟಿಗೂ ಅಧಿಕ. ಘಟ್ಟದ ಬುಡದ ತೋಟದಲ್ಲಿ ಕುಳಿತ ಕೇಳುಗನ ಸಂಪರ್ಕ ಸೊರಗಿದಾಗ ಚಿತ್ರವನ್ನು ಬಿಟ್ಟು ಧ್ವನಿಯನ್ನು ಉಳಿಸಬೇಕು. ಒಳ್ಳೆಯ ಧ್ವನಿಗ್ರಾಹಕಕ್ಕೆ ಮಾಡಿದ ವೆಚ್ಚವು ಹಿನ್ನೆಲೆಯ ಅಲಂಕಾರಕ್ಕೆ ಮಾಡಿದ ವೆಚ್ಚಕ್ಕಿಂತ ಫಲಕಾರಿ. ಮುಖ್ಯಾಂಶಗಳನ್ನು ಒಂದು ಪುಟದಲ್ಲಿ ಬರೆದು ಮೊದಲೇ ಕಳುಹಿಸಿದ್ದರೆ, ಚಿತ್ರ ಕಡಿದರೂ ಪಾಠ ಕಡಿಯದು.

ಆಕರ್ಷಣೆ ಮತ್ತು ಆಮಿಷ

ಇಲ್ಲಿಯವರೆಗೆ ಹೇಳಿದ ತತ್ತ್ವಗಳೆಲ್ಲ ಸತ್ಯವಂತನಿಗೂ ವಂಚಕನಿಗೂ ಸಮಾನವಾಗಿ ದೊರೆಯುವಂಥವು. ಉಚಿತ ಜಾಲಗೋಷ್ಠಿಯೆಂದು ಕರೆದು, ಒಂದು ತಿಂಗಳಲ್ಲಿ ಹಣ ಇಮ್ಮಡಿಯೆಂದು ಆಸೆ ತೋರಿಸಿ, 'ಈ ಗಂಟೆಯೊಳಗೆ ಸೇರಿದವರಿಗೆ ಮಾತ್ರ' ಎಂದು ಅವಸರಪಡಿಸಿ ಜನರ ಉಳಿತಾಯವನ್ನು ಕಬಳಿಸುವವರೂ ಇದೇ ಉಪಾಯಗಳನ್ನು ಬಳಸುತ್ತಾರೆ. ಆದುದರಿಂದ ವಿದ್ಯಾರ್ಥಿಗಳು ಇವನ್ನು ಸಂಘಟಕರಾಗಿ ಮಾತ್ರವಲ್ಲ, ಕೇಳುಗರಾಗಿಯೂ ಅರಿತಿರಬೇಕು. ಪ್ರಶ್ನೆ ಕೇಳಲು ಅವಕಾಶವಿಲ್ಲದ ಸಭೆ, ಯೋಚಿಸಲು ಹೊತ್ತು ಕೊಡದ ಮಾರಾಟ, ನಷ್ಟದ ಮಾತನ್ನೇ ಎತ್ತದ ಲಾಭದ ವರ್ಣನೆ, ಈ ಮೂರು ಕಂಡಲ್ಲಿ ಎದ್ದುಬರುವುದೇ ಜಾಣತನ. ಆಗ ಬೆರಳಿನ ಒಂದು ಒತ್ತು ಸಾಕೆಂಬುದು ನಮ್ಮ ಭಾಗ್ಯ.

ಸತ್ಯವಂತನಾದ ಸಂಘಟಕನು ಏನನ್ನು ಮಾರಲಿರುವನೆಂಬುದನ್ನು ಆಹ್ವಾನದಲ್ಲೇ ಹೇಳುತ್ತಾನೆ. ಹೆಸರು, ದೂರವಾಣಿ ಸಂಖ್ಯೆಗಳನ್ನು ಅಗತ್ಯವಿದ್ದಷ್ಟೇ ಕೇಳುತ್ತಾನೆ, ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಕೊಡುವುದಿಲ್ಲ. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಆಶಯವೂ ಇದೇ. ನಮ್ಮ ಕಲ್ಪಿತ ಇಂಜಿನಿಯರನು 'ಈ ಯಂತ್ರವು ಸಣ್ಣ ತೋಟಕ್ಕೆ ಒಬ್ಬಂಟಿಯಾಗಿ ಲಾಭಕರವಲ್ಲ, ನಾಲ್ಕು ಮನೆಯವರು ಕೂಡಿ ಕೊಳ್ಳುವುದು ಮೇಲು' ಎಂದು ಬಾಯಿಬಿಟ್ಟು ಹೇಳಿದನೆನ್ನಿ. ಆ ದಿನ ಎರಡು ಯಂತ್ರ ಕಡಿಮೆ ಮಾರಾಟವಾಗಬಹುದು. ಆದರೆ ಅವನ ಮುಂದಿನ ಕರೆಗೆ ಜನರು ಕಿವಿಗೊಡುವರು.

ಉಪಸಂಹಾರ

ಸಭೆ ಮುಗಿದ ಮೇಲೆ ಸಂಘಟಕನ ಕೆಲಸ ಮುಗಿಯದು. ಉತ್ತರಿಸಲಾಗದೆ ಉಳಿದ ಪ್ರಶ್ನೆಗಳಿಗೆ ಮರುದಿನವೇ ಬರೆದು ತಿಳಿಸಬೇಕು. ಯಾವ ನಿಮಿಷದಲ್ಲಿ ಎಷ್ಟು ಮಂದಿ ಎದ್ದುಹೋದರೆಂಬುದನ್ನು ಯಂತ್ರವೇ ಲೆಕ್ಕವಿಟ್ಟಿರುತ್ತದೆ. ಆ ರೇಖೆಯನ್ನು ನಾಚದೆ ನೋಡಬೇಕು. ನಾವು ನೋಡಿದೆವು. ನಮ್ಮ ಮುಂದಿನ ಗೋಷ್ಠಿಯಲ್ಲಿ ಸ್ವಾಗತ ಭಾಷಣವಿರಲಿಲ್ಲ, ಅತಿಥಿಗಳ ಪರಿಚಯವಿರಲಿಲ್ಲ. ಕಡಿಮೆ ಮಂದಿಗೆ ಕರೆಹೋಯಿತು, ಹೆಚ್ಚು ಮಂದಿ ಉಳಿದರು. ಹಿಂದೆ ಹೇಳಿದ ಆ ಹಿರಿಯ ವ್ಯಾಪಾರಿಯು ಕೊನೆಯ ತನಕ ಕುಳಿತು, ಸಾಲದ ಪುಸ್ತಕವನ್ನು ಕುರಿತು ಎರಡು ಪ್ರಶ್ನೆಗಳನ್ನು ಕೇಳಿದರು. ಅವುಗಳಲ್ಲಿ ಒಂದಕ್ಕೆ ನಮಗೆ ಆ ಹೊತ್ತಿನಲ್ಲಿ ಉತ್ತರ ತೋಚಲಿಲ್ಲ. ಮರುದಿನ ಬರೆದು ತಿಳಿಸಿದೆವು.

ಅಭ್ಯಾಸ

1. ಆಹ್ವಾನ ಮುಟ್ಟಿದವರು 600. ಮೂರನೆಯ ಒಂದು ಪಾಲು ಹೆಸರು ಕೊಟ್ಟು, ಅವರಲ್ಲಿ ಐದರಲ್ಲಿ ಎರಡು ಪಾಲು ಬಂದು, ಬಂದವರಲ್ಲಿ ಅರ್ಧ ಉಳಿದರೆ ಕೊನೆಯಲ್ಲಿ ಎಷ್ಟು ಮಂದಿ ಇರುವರು? ಉಳಿಯುವವರು ಮುಕ್ಕಾಲು ಪಾಲಾದರೆ ಎಷ್ಟು?

2. ಮಂಗಳೂರಿನಲ್ಲಿ ಶನಿವಾರ ರಾತ್ರಿ 8.45 ಆದಾಗ ಮಸ್ಕತ್ತಿನಲ್ಲಿಯೂ ದೋಹಾದಲ್ಲಿಯೂ ಗಂಟೆ ಎಷ್ಟು?

3. ನಿಮ್ಮ ಶಾಲೆಯ ವಿಜ್ಞಾನ ಸಂಘದ ಮುಂದಿನ ಉಪನ್ಯಾಸಕ್ಕೆ ಎರಡು ತಲೆಬರಹಗಳನ್ನು ಬರೆಯಿರಿ. ಒಂದು ಹೇಳುವವರ ಕಡೆಯಿಂದ, ಒಂದು ಕೇಳುವವರ ಕಡೆಯಿಂದ. ಯಾವುದಕ್ಕೆ ನೀವೇ ಹೋಗುವಿರೆಂದು ಯೋಚಿಸಿರಿ.

(ಉತ್ತರ: 1. 40, 60. 2. ಮಸ್ಕತ್ತಿನಲ್ಲಿ 7.15, ದೋಹಾದಲ್ಲಿ 6.15.)